ಆರ್ಕ್‌ರೈಟ್: ಹಡಗಿನವನೂ ಅಲ್ಲ, ಬರಹಗಾರನೂ ಅಲ್ಲ

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಪ್ರೆಸ್ಟನ್ ಊರಿನಲ್ಲಿದ್ದಾಳೆ. ಅವಳ ಆಫೀಸಿನಲ್ಲಿ ಒಬ್ಬರ ಅಡ್ಡಹೆಸರು ಆರ್ಕ್‌ರೈಟ್. ನೂಲುವ ಯಂತ್ರದ ರಿಚರ್ಡ್ ಆರ್ಕ್‌ರೈಟ್ ಬಗ್ಗೆ ನಾನು ವರ್ಷಗಟ್ಟಲೆ ಪಾಠ ಮಾಡಿದವಳು. ಆ ಹೆಸರಿಗೂ ಒಂದು ಅರ್ಥ ಇದ್ದೀತು ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಈಗ ಮನೆಯಲ್ಲಿ ಅದೇ ವಾದ. ‘ಆರ್ಕ್’ ಅಂದರೆ ನೋಹನ ನಾವೆ, ಹಾಗಾಗಿ ಇವರು ಹಡಗು ಕಟ್ಟುವವರು ಅಂತ ಅಳಿಯ. ‘ರೈಟ್’ ಅಂದರೆ ಬರೆಯುವುದು, ಏನೋ ಗುಮಾಸ್ತಿಕೆ ಇರಬೇಕು ಅಂತ ಮಗಳು. ಯಾರು ಸರಿ? ಅಪರೂಪದ ಹೆಸರು ಅಂತಾರೆ, ಅದು ಆ ಊರಲ್ಲೇ ಹೇಗೆ ಸಿಕ್ಕಿತು?
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಅಕ್ಕೋರೇ, ಇಬ್ಬರೂ ಸೋತರು. ಆದರೆ ಅಳಿಯಂದಿರು ಸ್ವಲ್ಪ ಹತ್ತಿರ ಬಂದು ಸೋತಿದ್ದಾರೆ.

ಮೊದಲು ‘ಆರ್ಕ್’ ನೋಡೋಣ. ಲ್ಯಾಟಿನ್ನಿನ ‘ಆರ್ಕಾ’ ಅಂದರೆ ಪೆಟ್ಟಿಗೆ, ಅಷ್ಟೇ. ಬೈಬಲ್ ಲ್ಯಾಟಿನ್ನಿಗೆ ಬಂದಾಗ ನೋಹ ಕಟ್ಟಿದ್ದಕ್ಕೂ ಆರ್ಕಾ ಅಂದರು, ಹತ್ತು ಆಜ್ಞೆಗಳ ಕಲ್ಲಿನ ಹಲಗೆ ಇಟ್ಟ ಪೆಟ್ಟಿಗೆಗೂ ಆರ್ಕಾ ಅಂದರು. ಇಂಗ್ಲಿಷಿನವರು ಎರಡಕ್ಕೂ ‘ಆರ್ಕ್’ ಅಂತಲೇ ಇಟ್ಟುಕೊಂಡರು. ಕನ್ನಡ ಬೈಬಲ್ ಮಾಡಿದವರು ಇಲ್ಲಿ ಜಾಣರು, ಒಂದನ್ನು ನಾವೆ ಅಂದರು, ಇನ್ನೊಂದನ್ನು ಮಂಜೂಷ ಅಂದರು. ಹಾಗಾಗಿ ನಮಗೆ ಎರಡೂ ಒಂದೇ ಪದ ಅಂತ ಗೊತ್ತೇ ಆಗುವುದಿಲ್ಲ. ಆರ್ಕ್‌ರೈಟ್‌ನಲ್ಲಿ ಇರುವುದು ನಾವೆಯಲ್ಲ, ಪೆಟ್ಟಿಗೆ. ಅದರಲ್ಲೂ ಹಿಟ್ಟು, ಕಾಳು ತುಂಬಿಡುವ ದೊಡ್ಡ ಮರದ ಪೆಟ್ಟಿಗೆ. ಮಲೆನಾಡಿನ ಹಳೇ ಮನೆಗಳಲ್ಲಿ ಪತ್ತಾಯ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ, ಸುಮಾರಾಗಿ ಅದರ ಇಂಗ್ಲಿಷ್ ದಾಯಾದಿ ಅಂದುಕೊಳ್ಳಿ.

ಇನ್ನು ‘ರೈಟ್’. ಇದು ಬರೆಯುವ ರೈಟ್ ಅಲ್ಲ, ಬಲಗಡೆಯ ರೈಟೂ ಅಲ್ಲ. ಹಳೇ ಇಂಗ್ಲಿಷಿನಲ್ಲಿ ಕೆಲಸ ಮಾಡುವವನಿಗೆ, ಕೈಯಿಂದ ಏನನ್ನಾದರೂ ಮಾಡಿ ನಿಲ್ಲಿಸುವವನಿಗೆ ಇದ್ದ ಪದ. ‘ವರ್ಕ್’ ಅನ್ನುವ ಪದದ ಮನೆತನಕ್ಕೇ ಸೇರಿದ್ದು. ಬರಬರುತ್ತ ಅದು ಹೆಚ್ಚಾಗಿ ಮರಗೆಲಸದವನಿಗೆ ಅಂಟಿಕೊಂಡಿತು. ಗಾಡಿ ಮಾಡುವವನು ಕಾರ್ಟ್‌ರೈಟ್ ಅಥವಾ ವೇನ್‌ರೈಟ್, ಚಕ್ರ ಮಾಡುವವನು ವೀಲ್‌ರೈಟ್, ನೇಗಿಲು ಮಾಡುವವನು ಪ್ಲೋರೈಟ್. ಆರ್ಕ್ ಮಾಡುವವನು ಆರ್ಕ್‌ರೈಟ್. ಪತ್ತಾಯದ ಬಡಿಗ ಅಂದರೆ ಸರಿಯಾಗುತ್ತದೆ.

ಈ ಪೆಟ್ಟಿಗೆ ಮಾಡುವ ರೀತಿ ಚೆನ್ನಾಗಿದೆ, ಅದಕ್ಕೇ ಎರಡು ಮಾತು ಹೆಚ್ಚು ಹೇಳುತ್ತೇನೆ. ಓಕ್ ಮರದ ದಿಮ್ಮಿಯನ್ನು ಗರಗಸದಿಂದ ಕೊಯ್ಯುತ್ತಿರಲಿಲ್ಲ. ಬೆಣೆ ಹೊಡೆದು, ಎಳೆ ಹೋದ ದಿಕ್ಕಿಗೇ ಸೀಳುತ್ತಿದ್ದರು. ಹಾಗೆ ಸೀಳಿದ ಹಲಗೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ. ನಾಲ್ಕು ಮೂಲೆಗೆ ಗಟ್ಟಿ ಕಂಬ, ಕಂಬದಲ್ಲಿ ಉದ್ದಕ್ಕೆ ಜಾಡು ಕೊರೆದು ಅದಕ್ಕೆ ಹಲಗೆ ಕೂರಿಸಿ, ಮೊಳೆಯ ಬದಲು ಮರದ ಗೂಟ ಹೊಡೆದು ಬಿಗಿ ಮಾಡುವುದು. ಮುಚ್ಚಳ ಮನೆಯ ಮಾಡಿನ ಹಾಗೆ ಇಳಿಜಾರು. ಅದನ್ನು ಎತ್ತಿ ಬೋರಲು ಹಾಕಿದರೆ ಹಿಟ್ಟು ನಾದುವ ಮರಿಗೆಯೂ ಆಗುತ್ತಿತ್ತಂತೆ. ಒಂದೇ ಸಾಮಾನು, ಎರಡು ಕೆಲಸ. ನಮ್ಮ ಅಜ್ಜಿಯರು ಮೆಚ್ಚುತ್ತಿದ್ದ ಮಾತು, ಅಲ್ವಾ.

ಉತ್ತರ ಇಂಗ್ಲೆಂಡಿನದು ತಂಪು, ಮಳೆಯ ಸೀಮೆ. ಗೋಧಿಗಿಂತ ಓಟ್ಸ್ ಅಲ್ಲಿ ಚೆನ್ನಾಗಿ ಬರುತ್ತಿತ್ತು. ಓಟ್ಸಿನ ಹಿಟ್ಟನ್ನು ಕಲಸಿ ಕಾದ ಕಲ್ಲಿನ ಮೇಲೆ ರೊಟ್ಟಿ ಮಾಡಿ ತಿನ್ನುತ್ತಿದ್ದರು. ಹಂಚಿನ ಮೇಲೆ ಜೋಳದ ರೊಟ್ಟಿ ಬಡಿಯುವ ಧಾರವಾಡದವರಿಗೆ ಇದು ಬೇರೆ ಲೋಕದ ಕಥೆ ಅನ್ನಿಸಲಾರದು. ಆ ಹಿಟ್ಟು ತೇವ ಹಿಡಿಯಬಾರದು, ಇಲಿ ಮುಟ್ಟಬಾರದು. ಅದಕ್ಕೇ ಆರ್ಕ್. ದಕ್ಷಿಣದ ಕಡೆ ಇಂಥ ಪೆಟ್ಟಿಗೆಗಳಿಗೆ ಚೆಸ್ಟ್, ಹಚ್, ಕಾಫರ್ ಅಂತ ಬೇರೆ ಬೇರೆ ಹೆಸರು. ‘ಆರ್ಕ್’ ಅನ್ನುವ ಮಾತು ಉತ್ತರದವರ ಬಾಯಲ್ಲಿ ಜಾಸ್ತಿ ಉಳಿಯಿತು. ಹೆಸರು ಲಂಡನ್ನಿನಲ್ಲಿ ಹುಟ್ಟದೆ ಲ್ಯಾಂಕಾಷೈರಿನಲ್ಲಿ ಬೇರೂರಿದ್ದು ಇದರಿಂದಲೇ. ಪ್ರೆಸ್ಟನ್ ಇರುವುದು ಆ ಲ್ಯಾಂಕಾಷೈರಿನಲ್ಲೇ. ನಿಮ್ಮ ಮಗಳಿಗೆ ಆರ್ಕ್‌ರೈಟ್ ಸಿಕ್ಕಿದ್ದು ಆಶ್ಚರ್ಯವಲ್ಲ ಅಕ್ಕೋರೇ, ಅವಳು ಇರುವುದೇ ಆ ಹೆಸರಿನ ತವರಿನಲ್ಲಿ.

ಪ್ರಶ್ನೆ: ಆರುನೂರು ಏಳುನೂರು ವರ್ಷದ ಹಿಂದಿನ ಹೆಸರು ಇಂದಿಗೂ ಹುಟ್ಟಿದ ಜಾಗದಲ್ಲೇ ಇರುತ್ತದೆ ಅಂದರೆ ನಂಬುವುದು ಹೇಗೆ? ಕೈಗಾರಿಕಾ ಕ್ರಾಂತಿ ಆಯಿತು, ರೈಲು ಬಂತು, ಜನ ಎಲ್ಲೆಲ್ಲಿಗೋ ಹೋದರು. ಇದನ್ನೆಲ್ಲ ಲೆಕ್ಕ ಹಾಕಿದವರು ಯಾರು?
— ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಒಳ್ಳೆಯ ಅನುಮಾನ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಇಂಗ್ಲೆಂಡಿನಲ್ಲಿ ಅಡ್ಡಹೆಸರು ತಂದೆಯಿಂದ ಮಕ್ಕಳಿಗೆ ಹೋಗುವ ಪದ್ಧತಿ 1066ರಲ್ಲಿ ನಾರ್ಮನ್ನರು ಬಂದ ಮೇಲೆ ನಿಧಾನಕ್ಕೆ ಶುರುವಾಯಿತು. ಮೊದಲು ಜಮೀನ್ದಾರರಿಗೆ, ಆಮೇಲೆ ಪೇಟೆಯವರಿಗೆ, ಕೊನೆಗೆ ಹಳ್ಳಿಯ ಬಡವರಿಗೆ. ದಕ್ಷಿಣಕ್ಕಿಂತ ಉತ್ತರದಲ್ಲಿ ತಡ. ಆಗೆಲ್ಲ ಗಂಡಸರಿಗೆ ಇಡುತ್ತಿದ್ದ ಹೆಸರುಗಳು ಬೆರಳೆಣಿಕೆಯಷ್ಟು. ಒಂದೇ ಊರಲ್ಲಿ ಐದಾರು ಜಾನ್, ಮೂರ್ನಾಲ್ಕು ವಿಲಿಯಂ. ತೆರಿಗೆಯವನು ಬಂದು ಜಾನ್ ಎಲ್ಲಿ ಅಂದರೆ ಯಾವ ಜಾನ್ ಅಂತ ಊರೇ ಕೇಳುತ್ತಿತ್ತು! ಹಾಗಾಗಿ ಹೊಳೆದಂಡೆಯ ಜಾನ್, ಕೆಂಚು ಕೂದಲಿನ ಜಾನ್, ಪೆಟ್ಟಿಗೆ ಮಾಡುವ ಜಾನ್. 1377, 1379, 1381ರಲ್ಲಿ ತಲೆಗಂದಾಯ ಹಾಕಿದರು. ಮೊದಲನೆಯದು ಹದಿನಾಲ್ಕು ದಾಟಿದವರಿಗೆಲ್ಲ ತಲೆಗೆ ನಾಲ್ಕು ಪೆನ್ಸ್. ಮೂರನೆಯದಕ್ಕೆ ಜನ ದಂಗೆಯೇ ಎದ್ದರು, ಅದು ಬೇರೆ ವಿಷಯ. ನಮಗೆ ಬೇಕಾದದ್ದು ಆ ಪಟ್ಟಿಗಳು. ಜನರ ಹೊಟ್ಟೆ ಉರಿಸಿದ ಆ ಕಾಗದವೇ ಇವತ್ತು ಹೆಸರು ಹುಡುಕುವವರಿಗೆ ಚಿನ್ನದ ಗಣಿ.

ಆಮೇಲೆ 1538ರಿಂದ ಚರ್ಚುಗಳಲ್ಲಿ ನಾಮಕರಣ, ಮದುವೆ, ಮಣ್ಣು ಮಾಡಿದ್ದು ಎಲ್ಲ ಬರೆದಿಡಬೇಕು ಅಂತ ಆಜ್ಞೆಯಾಯಿತು. 1837ರಿಂದ ಸರ್ಕಾರವೇ ಜನನ ಮರಣ ನೋಂದಣಿ ಶುರು ಮಾಡಿತು. ಆದರೆ ಹೆಸರು ಎಲ್ಲೆಲ್ಲಿ ಹರಡಿದೆ ಅಂತ ನಕ್ಷೆ ಮಾಡುವವರ ಅಚ್ಚುಮೆಚ್ಚು 1881ರ ಜನಗಣತಿ. ಏಕೆಂದರೆ ಅದನ್ನು ಸಾವಿರಾರು ಸ್ವಯಂಸೇವಕರು ಕೂತು ಪೂರ್ತಿ ನಕಲು ತೆಗೆದು ಕಂಪ್ಯೂಟರಿಗೆ ಏರಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅದನ್ನೂ ಇತ್ತೀಚಿನ ಪಟ್ಟಿಗಳನ್ನೂ ಇಟ್ಟುಕೊಂಡು ಹೆಸರು ಹೆಸರಿಗೂ ನಕ್ಷೆ ಮಾಡಿದರು. ಎರಡೂ ಕಾಲದ ನಕ್ಷೆ ಪಕ್ಕಪಕ್ಕ ಇಟ್ಟರೆ ಬಣ್ಣ ಗಾಢವಾಗಿರುವ ಜಾಗ ಎಷ್ಟೋ ಹೆಸರುಗಳಿಗೆ ಹೆಚ್ಚುಕಡಿಮೆ ಅದೇ.

ಜನ ಓಡಾಡಲಿಲ್ಲ ಅಂತಲ್ಲ. ಓಡಾಡಿದ್ದು ಹತ್ತಿರ ಹತ್ತಿರ. ಹಳ್ಳಿಯಿಂದ ಮಿಲ್ಲಿನ ಊರಿಗೆ, ಆ ಊರಿಂದ ಪಕ್ಕದ ಮಿಲ್ಲಿಗೆ. ಲ್ಯಾಂಕಾಷೈರಿನವರಿಗೆ ಕೆಲಸ ಹುಡುಕಿಕೊಂಡು ದೂರ ಹೋಗುವ ಅಗತ್ಯವೇ ಬೀಳಲಿಲ್ಲ, ಕಾರ್ಖಾನೆಗಳೇ ಅವರ ಮನೆ ಬಾಗಿಲಿಗೆ ಬಂದವು.

ಇದಕ್ಕೆ ಆರ್ಕ್‌ರೈಟ್‌ಗಿಂತ ಸೊಗಸಾದ ಸಾಕ್ಷಿ ಇನ್ನೊಂದಿದೆ. ನೇಯ್ದ ಉಣ್ಣೆ ಬಟ್ಟೆಯನ್ನು ನೀರು, ಜೇಡಿ ಮಣ್ಣು, ಹಳಸಿದ ಉಚ್ಚೆ (ಹೌದು, ಅದೇ) ಹಾಕಿ ತುಳಿದು ತುಳಿದು ದಪ್ಪ ಮಾಡುವ ಕಸುಬು ಒಂದಿತ್ತು. ಇಂಗ್ಲೆಂಡಿನ ಆಗ್ನೇಯದಲ್ಲಿ ಆ ಕೆಲಸದವನು ಫುಲ್ಲರ್. ನೈರುತ್ಯದಲ್ಲಿ, ಅಂದರೆ ಡೆವನ್ ಕಡೆ, ಟಕ್ಕರ್. ಉತ್ತರದಲ್ಲಿ ಬಟ್ಟೆಯ ಮೇಲೆ ನಡೆಯುವವನು, ಅಂದರೆ ವಾಕರ್. ಮೂರು ಹೆಸರು, ಒಂದೇ ಕೆಲಸ. ಹೆಸರು ಕೇಳಿದರೆ ಸಾಕು, ಮೂಲ ಪುರುಷ ಯಾವ ಸೀಮೆಯವನು ಅಂತ ಒಂದು ಅಂದಾಜು ಕಟ್ಟಬಹುದು. ‘ಉಂಡ್ಯಾ’, ‘ಊಟ ಆಯ್ತಾ’ ಕೇಳಿದ ತಕ್ಷಣ ನಾವು ಊರು ಹೇಳಿಬಿಡುತ್ತೇವಲ್ಲ, ಹಾಗೆ.

ಪ್ರಶ್ನೆ: ಹಾಗಾದರೆ ಯಂತ್ರದ ಆರ್ಕ್‌ರೈಟ್ ಬಡಗಿ ಮನೆತನದವನೇ? ಮರಗೆಲಸ ಗೊತ್ತಿದ್ದರಿಂದಲೇ ಯಂತ್ರ ಮಾಡಿದನೇ?
— ಗೃಹಿಣಿ, ಹಾಸನ

ಉತ್ತರ: ಹಾಗಾಗಿದ್ದರೆ ಕಥೆ ಚೆಂದ ಇರುತ್ತಿತ್ತು. ಆದರೆ ಅವನು ಕ್ಷೌರಿಕ. 1732ರಲ್ಲಿ ಪ್ರೆಸ್ಟನ್‌ನಲ್ಲಿ ಹುಟ್ಟಿದ, ಅಪ್ಪ ದರ್ಜಿ. ಮಗ ಗಡ್ಡ ಮೀಸೆ ಮಾಡಿ, ಊರೂರು ತಿರುಗಿ ಕೂದಲು ಕೊಂಡು, ಟೋಪನ್ ಮಾಡಿ ಮಾರುತ್ತಿದ್ದ. ಹೆಸರು ಪೆಟ್ಟಿಗೆಯದು, ಹೊಟ್ಟೆಪಾಡು ಕೂದಲಿನದು, ದುಡ್ಡು ಬಂದದ್ದು ನೂಲಿನಿಂದ. ಅಷ್ಟರಲ್ಲಾಗಲೇ ಇಂಗ್ಲೆಂಡಿನ ಅಡ್ಡಹೆಸರುಗಳಿಗೂ ಹೊತ್ತವರ ಕಸುಬಿಗೂ ಸಂಬಂಧ ಕಡಿದು ಶತಮಾನಗಳಾಗಿದ್ದವು. ಯಂತ್ರಕ್ಕೆ ಕೈ ಕೂಡಿಸಿದವನು ಜಾನ್ ಕೇ ಅನ್ನುವ ಗಡಿಯಾರದವನು. ನೀರಿನಿಂದ ಓಡುವ ನೂಲುವ ಯಂತ್ರಕ್ಕೆ 1769ರಲ್ಲಿ ಪೇಟೆಂಟ್, 1771ರಲ್ಲಿ ಡರ್ಬಿಷೈರಿನ ಕ್ರಾಂಫರ್ಡ್‌ನಲ್ಲಿ ಮಿಲ್ಲು. ಐಡಿಯಾ ಬೇರೆಯವರದು ಅಂತ ಕೋರ್ಟಿನಲ್ಲಿ ಗಲಾಟೆಯಾಗಿ 1785ರಲ್ಲಿ ಅವನ ಇನ್ನೊಂದು, 1775ರ ಪೇಟೆಂಟ್ ರದ್ದಾಯಿತು. ಮರುವರ್ಷವೇ ಅವನಿಗೆ ಸರ್ ಪದವಿ ಸಿಕ್ಕಿತು! 1792ರಲ್ಲಿ ತೀರಿಕೊಂಡ.

ಹೆಸರಿನ ಹರಡುವಿಕೆಗೆ ಇದರಿಂದ ಒಂದು ವಿಚಿತ್ರ ಪರಿಣಾಮ ಆಯಿತು. ಅವನ ಮಗನೂ ರಿಚರ್ಡ್, ಅಪ್ಪನಿಗಿಂತ ದೊಡ್ಡ ಶ್ರೀಮಂತ. ಆ ದುಡ್ಡಿನಲ್ಲಿ ಮನೆತನದವರು ಡರ್ಬಿಷೈರ್, ಹೆರೆಫರ್ಡ್‌ಷೈರ್, ಎಸೆಕ್ಸ್ ಕಡೆಯೆಲ್ಲ ಎಸ್ಟೇಟು, ಬಂಗಲೆ ಕೊಂಡರು. ಹಾಗಾಗಿ ಲ್ಯಾಂಕಾಷೈರಿನಿಂದ ದೂರ, ಆ ಹೆಸರಿಗೂ ಆ ಸೀಮೆಗೂ ಯಾವ ನಂಟೂ ಇಲ್ಲದ ಕಡೆ, ಒಂದೊಂದು ಆರ್ಕ್‌ರೈಟ್ ಚುಕ್ಕೆ ಬಿತ್ತು. ಚೆಸ್ಟರ್‌ಫೀಲ್ಡ್ ಹತ್ತಿರ ಆರ್ಕ್‌ರೈಟ್ ಟೌನ್ ಅಂತ ಗಣಿ ಕೆಲಸಗಾರರ ಹಳ್ಳಿಯೇ ಇದೆ, ಜಮೀನು ಆ ಮನೆತನದ್ದಾಗಿದ್ದರಿಂದ ಬಂದ ಹೆಸರು. 1980ರ ದಶಕದ ಕೊನೆಗೆ ನೆಲದಡಿಯ ಗಣಿಯಿಂದ ಮೀಥೇನ್ ಅನಿಲ ಮನೆಗಳಿಗೆ ಸೋರಿ, ಕೊನೆಗೆ ಊರನ್ನೇ ರಸ್ತೆಯ ಆಚೆ ಬದಿಗೆ ಹೊಸದಾಗಿ ಕಟ್ಟಬೇಕಾಯಿತು. ಹೆಸರು ಮಾತ್ರ ಅದೇ. ಹೀಗಾಗಿ ದೂರದ ಒಂಟಿ ಚುಕ್ಕೆ ಕಂಡರೆ ಅಲ್ಲೂ ಹೆಸರು ಹುಟ್ಟಿತು ಅಂದುಕೊಳ್ಳಬೇಡಿ, ಹಿಂದೆ ಒಂದು ಗಂಟು ದುಡ್ಡಿರಬಹುದು.

ಧಾರವಾಡದ ಅಕ್ಕೋರಿಗೆ ಇಲ್ಲಿ ಇನ್ನೊಂದು ಮಾತು. ನಿಮ್ಮ ಊರಿಗೂ ಆ ಮಿಲ್ಲುಗಳಿಗೂ ನಿಜವಾದ ನಂಟಿದೆ. 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜ ತಂದು ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಬೆಳೆಸಿದರು, ಲ್ಯಾಂಕಾಷೈರಿನ ಯಂತ್ರಗಳಿಗೆ ಉಣಿಸಲಿಕ್ಕೆ. ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಮುಂಬಯಿಗೆ, ಆಮೇಲೆ ಇಂಗ್ಲೆಂಡಿಗೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಪ್ರೆಸ್ಟನ್‌ನ ಮಿಲ್ಲುಗಳು ಬಾಗಿಲು ಹಾಕಿ ಜನ ಉಪವಾಸ ಬಿದ್ದರು. ಆಗ ನಮ್ಮ ಹತ್ತಿಗೆ ಬಂದ ಬೆಲೆ ಅಷ್ಟಿಷ್ಟಲ್ಲ. ಆ ಕಾಲದ ಹತ್ತಿಯ ವ್ಯಾಪಾರಿಗಳ ಬಾಯಲ್ಲಿ ‘ಧಾರವಾಡ’, ‘ಕುಮಟಾ’ ಅನ್ನುವುದು ಊರಿನ ಹೆಸರಲ್ಲ, ಹತ್ತಿಯ ಜಾತಿ. ಮಗಳು ಆ ಆರ್ಕ್‌ರೈಟ್ ಅವರಿಗೆ ಇದನ್ನು ಹೇಳಲಿ, ಅವರಿಗೆ ಗೊತ್ತಿರಲಾರದು.

ಪ್ರಶ್ನೆ: ಅಪರೂಪದ ಹೆಸರಾದ್ದರಿಂದ ಆ ಹೆಸರಿನವರೆಲ್ಲ ಒಂದೇ ರಕ್ತ ಅನ್ನಬಹುದೇ? ನಮ್ಮಲ್ಲಿ ಒಂದೇ ಬಳಿ, ಒಂದೇ ಗೋತ್ರ ಅಂದ ಹಾಗೆ?
— ಓದುಗರು, ಶಿವಮೊಗ್ಗ

ಉತ್ತರ: ಅಪರೂಪವಾದಷ್ಟೂ ಆ ಸಾಧ್ಯತೆ ಜಾಸ್ತಿ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೋಗುತ್ತದೆ, ಅಲ್ಲಿ ಅಡ್ಡಹೆಸರೂ ಹಾಗೇ ಹೋಗುತ್ತದೆ. ಲೆಸ್ಟರ್ ವಿಶ್ವವಿದ್ಯಾಲಯದವರು 40 ಅಡ್ಡಹೆಸರುಗಳ ಗಂಡಸರನ್ನು ಪರೀಕ್ಷೆ ಮಾಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಮಿತ್ ಅನ್ನುವವರಲ್ಲಿ ಏನೂ ಸಿಗಲಿಲ್ಲ, ದಾರಿಯಲ್ಲಿ ಹೋಗುವ ಯಾರನ್ನೋ ಹಿಡಿದು ತಂದಷ್ಟೇ ಬೇರೆ ಬೇರೆ. ಕಮ್ಮಾರ ಇಲ್ಲದ ಊರೇ ಇರಲಿಲ್ಲ, ಊರೂರಿಗೂ ಒಬ್ಬೊಬ್ಬ ಸ್ಮಿತ್ ಹುಟ್ಟಿದ. ಅದೇ ಆಟನ್‌ಬರೋ ಅನ್ನುವ ಅಪರೂಪದ ಹೆಸರಿನಲ್ಲಿ ಹೆಚ್ಚಿನವರದು ಒಂದೇ ವಂಶ. ಆದರೆ ಅದು ಊರಿನಿಂದ ಬಂದ ಹೆಸರು, ಒಂದು ಸಣ್ಣ ಊರು, ಬಹುಶಃ ಒಂದು ಮನೆ. ಆರ್ಕ್‌ರೈಟ್ ಕಸುಬಿನ ಹೆಸರು, ಲ್ಯಾಂಕಾಷೈರಿನ ಎರಡು ಮೂರು ಹಳ್ಳಿಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ್ದರೂ ಹುಟ್ಟಿರಬಹುದು. ಸ್ಮಿತ್‌ನಷ್ಟು ಬೆರಕೆ ಅಲ್ಲ, ಆಟನ್‌ಬರೋದಷ್ಟು ಶುದ್ಧವೂ ಅಲ್ಲ ಅಂತ ನನ್ನ ಲೆಕ್ಕ.

ಅಪರೂಪ ಆಗುವುದರಲ್ಲಿ ಅದೃಷ್ಟದ ಪಾಲೂ ಇದೆ. ಬರೀ ಹೆಣ್ಣುಮಕ್ಕಳಾದರೆ ಹೆಸರು ಅಲ್ಲಿಗೇ ನಿಂತಿತು. 1348-49ರ ಪ್ಲೇಗಿನಲ್ಲಿ ಇಂಗ್ಲೆಂಡಿನ ಮೂರನೇ ಒಂದು ಪಾಲಿಗೂ ಹೆಚ್ಚು ಜನ ಸತ್ತರು, ಎಷ್ಟು ಹೆಸರು ಒಂದೇ ಬೇಸಿಗೆಯಲ್ಲಿ ಮಣ್ಣಾದವೋ.

ಇನ್ನು ‘ರಕ್ತ’ ಅನ್ನುವ ಮಾತಿನ ಬಗ್ಗೆ ಎಚ್ಚರ. 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕಿಂಗ್ ಜಾಗದಡಿ ಮೂರನೇ ರಿಚರ್ಡ್ ರಾಜನ ಎಲುಬು ಸಿಕ್ಕಿತಲ್ಲ, ಹೆಣ್ಣಿನ ಕಡೆಯಿಂದ ಬಂದ ಇಂದಿನ ಸಂಬಂಧಿಕರ ಡಿಎನ್ಎ ಅದಕ್ಕೆ ಹೊಂದಿತು. ಗಂಡಿನ ಕಡೆ, ಕಾಗದದ ಪ್ರಕಾರ ಅದೇ ವಂಶದವರು ಅನ್ನಿಸಿಕೊಂಡವರದು, ಹೊಂದಲೇ ಇಲ್ಲ. ಎಲ್ಲೋ ನಡುವೆ ಒಂದು ಕೊಂಡಿ ಕಳಚಿತ್ತು. ಅರಮನೆಯ ಕಥೆಯೇ ಹೀಗಾದರೆ ಪತ್ತಾಯದ ಬಡಗಿಗಳದು ಕೇಳಬೇಕೇ.

ಪ್ರಶ್ನೆ: ನನ್ನ ಅಡ್ಡಹೆಸರು ಬಡಿಗೇರ, ಕೆಲಸ ಬ್ಯಾಂಕಿನಲ್ಲಿ. ಇಂಗ್ಲೆಂಡಿಗೆ ಹೋದರೆ ನಾನು ಮಿಸ್ಟರ್ ರೈಟ್ ಆಗುತ್ತೇನೆಯೇ?
— ಓದುಗರು, ಬಾಗಲಕೋಟೆ

ಉತ್ತರ: ಖಂಡಿತ! ಅರ್ಥ ನೋಡಿದರೆ ಒಂದಂಗುಲವೂ ಆಚೀಚೆ ಇಲ್ಲ. ಕಮ್ಮಾರ ಸ್ಮಿತ್ ಆಗುತ್ತಾರೆ, ಕುಂಬಾರ ಪಾಟರ್ ಆಗುತ್ತಾರೆ. ನದಾಫ ಅನ್ನುವವರಿಗೆ ಮಾತ್ರ ನೇರವಾಗಿ ಕಾರ್ಡರ್ ಅನ್ನುವ ಹೆಸರೇ ಇದೆ, ಎರಡೂ ಹಿಂಜುವವರೇ, ಇಲ್ಲಿ ಹತ್ತಿ, ಅಲ್ಲಿ ಮೊದಲಿಗೆ ಉಣ್ಣೆ.

ಒಂದು ವ್ಯತ್ಯಾಸ ಹೇಳಲೇಬೇಕು. ಅಲ್ಲಿ ಹೆಸರು ಗಟ್ಟಿಯಾದ ಒಂದೆರಡು ತಲೆಮಾರಿನಲ್ಲೇ ಕಸುಬು ಜಾರಿಹೋಯಿತು, ಬಡಗಿಯ ಮೊಮ್ಮಗ ದರ್ಜಿಯಾದರೆ ಯಾರೂ ತಡೆಯಲಿಲ್ಲ, ಯಾರ ಮನೆಯಲ್ಲಿ ಹೆಣ್ಣು ತರಬೇಕು ಅಂತ ಆ ಹೆಸರು ಹೇಳುತ್ತಲೂ ಇರಲಿಲ್ಲ. ನಮ್ಮಲ್ಲಿ ಹೆಸರಿನ ಜತೆ ಜಾತಿಯೂ ಅಂಟಿತು, ಆದ್ದರಿಂದ ಕಸುಬು ಬಹಳ ಕಾಲ ಬಿಡಲಿಲ್ಲ. ನೀವು ಬ್ಯಾಂಕಿಗೆ ಹೋದದ್ದು ಈಚೆಗೆ, ಅವರಲ್ಲಿ ಆರ್ಕ್‌ರೈಟ್ ಕತ್ತರಿ ಹಿಡಿದದ್ದು ಹದಿನೆಂಟನೇ ಶತಮಾನದಲ್ಲೇ.

ಪ್ರಶ್ನೆ: ನಾಟಕಕಾರನಿಗೆ ಇಂಗ್ಲಿಷಿನಲ್ಲಿ ‘ಪ್ಲೇರೈಟ್’ ಅನ್ನುತ್ತಾರೆ. ಅಲ್ಲಾದರೂ ಬರೆಯುವ ರೈಟ್ ಇರಬೇಕಲ್ಲ?
— ರಂಗಾಸಕ್ತರು, ಮೈಸೂರು

ಉತ್ತರ: ಅಲ್ಲೂ ಇಲ್ಲ. ಅದೂ ಬಡಗಿಯೇ. ಗಾಡಿ ಕಟ್ಟುವವನ ಹಾಗೆ ನಾಟಕ ಕಟ್ಟುವವನು. ಆದರೆ ಈ ಪದ ಹುಟ್ಟುವಷ್ಟರಲ್ಲಿ ಹದಿನೇಳನೇ ಶತಮಾನ, ಅಡ್ಡಹೆಸರುಗಳ ಬಾಗಿಲು ಮುಚ್ಚಿಯಾಗಿತ್ತು. ಹಾಗಾಗಿ ಮಿಸ್ಟರ್ ಪ್ಲೇರೈಟ್ ಸಿಕ್ಕುವುದು ಕಷ್ಟ.

ಪ್ರಶ್ನೆ (ಧಾರವಾಡದ ಅಕ್ಕೋರದೇ ಇನ್ನೊಂದು): ಆ ಆರ್ಕ್‌ರೈಟ್ ಅವರಿಗೆ ತಮ್ಮ ಮೂಲ ಹುಡುಕುವ ಮನಸ್ಸಿದೆಯಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಜ್ಜ ಅಜ್ಜಿಯಿಂದ. ಬದುಕಿದ್ದರೆ ಕೂತು ಕೇಳಲಿ, ಇಲ್ಲದಿದ್ದರೆ ಜನನ ಪತ್ರದಿಂದ ಒಂದೊಂದೇ ತಲೆಮಾರು ಹಿಂದೆ ಹೋಗಲಿ. ಜನಗಣತಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಸಿಗುವುದು 1841ರಿಂದ. ಅದಕ್ಕಿಂತ ಹಿಂದಕ್ಕೆ ಚರ್ಚಿನ ಪುಸ್ತಕಗಳು. ಕಾಗುಣಿತಕ್ಕೆ ತಲೆ ಕೆಡಿಸಿಕೊಳ್ಳಬಾರದು, ಬರೆಯುವವನ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ. ನಮ್ಮ ರೇಷನ್ ಕಾರ್ಡಿನಲ್ಲಿ ಇರುವ ಹಾಗೆ.

ಪ್ರೆಸ್ಟನ್‌ನವರಿಗೆ ಬೇರೆ ಊರಿನವರಿಗಿಲ್ಲದ ಒಂದು ಭಾಗ್ಯವಿದೆ. ಅಲ್ಲಿ ಗಿಲ್ಡ್ ಅನ್ನುವ ಹಬ್ಬ ಇಪ್ಪತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ನಮ್ಮ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ಆದ ಹಾಗೆ. ಅಪರೂಪಕ್ಕೆ ಆಗುವ ಯಾವುದಕ್ಕೇ ಆದರೂ ಆ ಕಡೆ ‘ಪ್ರೆಸ್ಟನ್ ಗಿಲ್ಡಿಗೊಮ್ಮೆ’ ಅನ್ನುತ್ತಾರೆ. ಊರಲ್ಲಿ ವ್ಯಾಪಾರ ಮಾಡುವ ಹಕ್ಕಿದ್ದವರ ಹೆಸರನ್ನು ಆಗ ಪಟ್ಟಿಗೆ ಸೇರಿಸುತ್ತಿದ್ದರು, ತಂದೆಯ ಹಕ್ಕಿನ ಮೇಲೆ ಮಕ್ಕಳ ಹೆಸರೂ ಬರುತ್ತಿತ್ತು. ಉಳಿದಿರುವ ಪಟ್ಟಿಗಳು 1397ರಿಂದ ಶುರು. ಹಳೆಯವು ಅಚ್ಚಾಗಿವೆ, ಕಡತಗಳ ಮನೆ ಅದೇ ಊರಲ್ಲಿದೆ, ಆಫೀಸು ಬಿಟ್ಟ ಮೇಲೆ ನಡೆದುಕೊಂಡೇ ಹೋಗಬಹುದು. ಹಿಂದಿನ ಗಿಲ್ಡ್ 2012ರಲ್ಲಿ ಆಯಿತು, ಮುಂದಿನದು 2032ಕ್ಕೆ. ನಿಮ್ಮ ಮಗಳು ಆಗಲೂ ಅಲ್ಲೇ ಇದ್ದರೆ ಮೆರವಣಿಗೆ ನೋಡಿ ನಮಗೊಂದು ಕಾಗದ ಹಾಕಲಿ.